ಸಣ್ಣಜ್ಜನ ನಾಲ್ಕು ಮೌತ್ ಆರ್ಗನ್: ಯಾವ ಕಾಲದವು, ಎಷ್ಟು ರಿಪೇರಿ ಮಾಡಿದೆ, ಎಲ್ಲಿ ಕೈ ಬಿಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಮೌತ್ ಆರ್ಗನ್ ಮೇಲೆ 1896 ಅಂತ ಅಚ್ಚು ಇದ್ದ ಮಾತ್ರಕ್ಕೆ ಅದು 1896ರಲ್ಲಿ ತಯಾರಾದದ್ದಲ್ಲ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ದೊಡ್ಡ ವಾದವೇ ಆಗಿದೆ, ಇನ್ನೂ ಪೂರ್ತಿ ಮುಗಿದಿಲ್ಲ.

ಸಣ್ಣಜ್ಜ ಅಂದರೆ ನಮ್ಮ ಅಜ್ಜನ ತಮ್ಮ. ಅವರ ಟ್ರಂಕು ಬೆಳಗಾವಿಯ ಶಹಾಪುರದಲ್ಲಿ ಅತ್ತೆಯ ಮನೆಯ ಅಟ್ಟದ ಮೇಲಿತ್ತು. ಮನೆಗೆ ಬಣ್ಣ ಹೊಡೆಸುವಾಗ ಅದನ್ನು ಕೆಳಗಿಳಿಸಿದರು. ಧೋತರ, ಕರಿ ಟೋಪಿ, ಗಣಪತಿ ಮಂಡಳದ ಹಳೇ ರಸೀದಿ ಪುಸ್ತಕ, ನುಸಿಗುಳಿಗೆ ವಾಸನೆ, ಅದರ ನಡುವೆ ನಾಲ್ಕು ಮೌತ್ ಆರ್ಗನ್. "ನೀ ಏನರ ಬಿಚ್ಚಿ ಜೋಡಸ್ತಿರ್ತಿ ಅಲ್ಲ, ನೀನ ಒಯ್ಯಿ ತಮ್ಮಾ" ಅಂತ ನನಗೇ ಕೊಟ್ಟರು. ಕೊಡುವಾಗ ಒಂದು ಕಥೆಯೂ ಜೊತೆಗೆ ಬಂತು. ಹೊಳೆಯುವ ಸಣ್ಣದನ್ನು ಕ್ಯಾಂಪಿನ ಇಂಗ್ಲಿಷ್ ಸಾಹೇಬರೊಬ್ಬರು ಸಣ್ಣಜ್ಜನಿಗೆ ಕೊಟ್ಟು ಹೋದರಂತೆ. "ಅದರ ಮ್ಯಾಲೆ ಇಸವಿ ಸೈತ ಬರದೈತಿ ನೋಡು, ಹದಿನೆಂಟುನೂರಾ ತೊಂಬತ್ತಾರು." ಬೆಳಗಾವಿಯಲ್ಲಿ ಹಳೇ ವಸ್ತು ಯಾವುದೇ ಇರಲಿ, ಅದಕ್ಕೊಬ್ಬ ಸಾಹೇಬ ಇದ್ದೇ ಇರುತ್ತಾನೆ. ಕ್ಯಾಂಪು, ಪಲಟಣ, ಬ್ಯಾಂಡು ಎಲ್ಲ ಇದ್ದ ಊರು, ಹಾಗಾಗಿ ಸುಳ್ಳು ಅಂತ ಒಂದೇ ಏಟಿಗೆ ಹೇಳೋಕೂ ಆಗಲ್ಲ. ಆದರೆ ತಗಡಿನ ಮೇಲೆ ಬರೆದದ್ದನ್ನು ಸರಿಯಾಗಿ ಓದಬೇಕಲ್ವಾ.

ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ನಾಲ್ಕನ್ನೂ ಸಾಲಾಗಿ ಇಟ್ಟೆ. ಒರೆಸಲಿಲ್ಲ, ಊದಲಿಲ್ಲ. ಮೊದಲು ಫೋಟೋ, ಆಮೇಲೆ ಭೂತಗನ್ನಡಿ. ಇದರಲ್ಲಿ ನನ್ನದು ಸ್ವಲ್ಪ ಹಟ ಅಂತಲೇ ಅನ್ನಿ. ಕಾಲ ಗೊತ್ತಾಗುವ ಮುಂಚೆ ಕಾನಸ (ಲೋಹ ಉಜ್ಜುವ ಅರ) ಕೈಗೆ ತಗೊಳ್ಳಬಾರದು. ಯಾವ ವಾದ್ಯ, ಯಾವಾಗಿನದು ಅಂತ ಗೊತ್ತಿಲ್ಲದೆ ಶ್ರುತಿ ಸರಿಮಾಡಲು ಹೊರಟರೆ, ಸರಿ ಇದ್ದದ್ದನ್ನೇ ಕೆಡಿಸುತ್ತೇವೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಆ "1896".

ಇದು ಹೋನರ್ ಕಂಪನಿಯ ಮರೀನ್ ಬ್ಯಾಂಡ್. ಹತ್ತು ತೂತು, ಇಪ್ಪತ್ತು ರೀಡು (ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆ ಪಟ್ಟಿ), ನಡುವೆ ಪೇರ್ ಮರದ ಕಟ್ಟಿಗೆ, ಮೇಲೆ ಕೆಳಗೆ ಹಿತ್ತಾಳೆ ಪ್ಲೇಟು, ಅದರ ಮೇಲೆ ನಿಕಲ್ ಮಾಡಿದ ತಗಡಿನ ಕವರು, ಎಲ್ಲಾ ಸಣ್ಣ ಮೊಳೆಯಲ್ಲಿ ಹೊಡೆದದ್ದು. ಮಥಿಯಾಸ್ ಹೋನರ್ ಜರ್ಮನಿಯ ಟ್ರೋಸಿಂಗನ್ ಊರಿನಲ್ಲಿ 1857ರಲ್ಲಿ ಶುರು ಮಾಡಿದ ಕಾರ್ಖಾನೆ. ಮರೀನ್ ಬ್ಯಾಂಡ್ ಮಾದರಿ ಮಾರುಕಟ್ಟೆಗೆ ಬಂದದ್ದು 1896ರಲ್ಲಿ, ಆ ಇಸವಿಯೇ ಅದರ ಮಾದರಿ ನಂಬರ್ ಆಗಿ ಉಳಿಯಿತು. ಮೊನ್ನೆ ಮೊನ್ನೆ ತಯಾರಾದ ಮರೀನ್ ಬ್ಯಾಂಡಿಗೂ ಅದೇ 1896. ಭೂತಗನ್ನಡಿ ಹಿಡಿದರೆ ಸಂಖ್ಯೆಯ ಮುಂದೆ "ನಂ." ಅಂತ ಸಣ್ಣದಾಗಿ ಇರುತ್ತದೆ, ಬರಿಗಣ್ಣಿಗೆ ಅದು ಬೀಳಲ್ಲ, ಸವೆದಿದ್ದರಂತೂ ಇಲ್ಲವೇ ಇಲ್ಲ. ಹಳೇ ಮೌತ್ ಆರ್ಗನ್‌ಗಳ ಕವರಿನ ಮೇಲೆ ಪದಕಗಳ ಚಿತ್ರ, ಪ್ರದರ್ಶನದ ಇಸವಿಗಳು ಇರುವುದೂ ಉಂಟು. ಅವೂ ತಯಾರಾದ ವರ್ಷ ಅಲ್ಲ. ಅಲ್ಲಿರುವ ಎಲ್ಲಕ್ಕಿಂತ ಈಚಿನ ಇಸವಿ ಯಾವುದೋ, ವಾದ್ಯ ಅದಕ್ಕಿಂತ ಹಿಂದಿನದಲ್ಲ, ಅಷ್ಟು ಮಾತ್ರ ಹೇಳಬಹುದು.

ಈ ಕೆಲಸದಲ್ಲಿ ಎಲ್ಲಾ ಗುರುತೂ ಹೀಗೇ. ಒಂದೊಂದು ಗುರುತು "ಇದಕ್ಕಿಂತ ಮುಂಚೆ ಅಲ್ಲ" ಅನ್ನುತ್ತದೆ, ಇನ್ನೊಂದು "ಇದರ ಆಮೇಲೆ ಅಲ್ಲ" ಅನ್ನುತ್ತದೆ. ಎರಡೂ ಕಡೆಯಿಂದ ಒತ್ತುತ್ತಾ ಬರಬೇಕು.

ಹೋನರ್ ಗುರುತಿನಲ್ಲಿ ಎರಡು ಕೈ ಸೇರಿ ಒಂದು ವೃತ್ತ ಹಿಡಿದಿರುತ್ತವೆ. ಹಳೆಯವುಗಳಲ್ಲಿ ಆ ವೃತ್ತದೊಳಗೆ ಆರು ಮೂಲೆಯ ನಕ್ಷತ್ರ ಇರುತ್ತದೆ. ಅದು ಯಹೂದಿಗಳ ಚಿಹ್ನೆಯೂ ಹೌದು, ಹಾಗಾಗಿ ನಾಝಿ ಆಡಳಿತದಲ್ಲಿ, 1930ರ ದಶಕದ ಕೊನೆಗೆ, ನಕ್ಷತ್ರ ತೆಗೆದುಹಾಕಿದರು. ಹಳೇ ಮರೀನ್ ಬ್ಯಾಂಡ್ ಸಿಕ್ಕವರು ಎಲ್ಲಕ್ಕಿಂತ ಮೊದಲು ನೋಡುವುದೇ ಇದನ್ನು. ನನ್ನದರಲ್ಲಿ ವೃತ್ತ ಖಾಲಿ. ಬೆಳಕಿಗೆ ಓರೆಯಾಗಿ ಹಿಡಿದೆ, ಸವೆದು ಹೋಗಿದ್ದರೆ ಎಲ್ಲಾದರೂ ಒಂದು ಗೆರೆಯ ತಗ್ಗು ಉಳಿದಿರಬೇಕು. ಕೈಗಳ ಬೆರಳು ಎಣಿಸುವಷ್ಟು ಸ್ಪಷ್ಟ ಇವೆ, ವೃತ್ತದೊಳಗೆ ಮಾತ್ರ ಏನೂ ಇಲ್ಲ. ಅಂದರೆ ನಕ್ಷತ್ರ ಸವೆದದ್ದಲ್ಲ, ಹಾಕೇ ಇಲ್ಲ. ತೊಂಬತ್ತಾರರ ಸಾಹೇಬ ಇಲ್ಲಿಗೆ ಮುಗಿದ.

"ಮೇಡ್ ಇನ್ ಜರ್ಮನಿ" ಅಂತ ಇದೆ, ವೆಸ್ಟ್ ಅಂತ ಇಲ್ಲ, ಹಾಗಾದರೆ ದೇಶ ಎರಡಾಗುವ ಮುಂಚಿನದು ಅಲ್ವಾ ಅಂತ ಕೆಲವರು ಕೇಳಬಹುದು. ಹೋನರ್ ವಿಷಯದಲ್ಲಿ ಆ ಲೆಕ್ಕ ನಡೆಯಲ್ಲ. ಪಶ್ಚಿಮ ಜರ್ಮನಿ ಆದಮೇಲೂ ಅವರು ಸುಮ್ನೆ "ಜರ್ಮನಿ" ಅಂತಲೇ ಹಾಕುತ್ತಾ ಹೋದರು.

ಇನ್ನು ಮುಂದಿನ ಸುಳಿವು ಜರ್ಮನಿಯದ್ದಲ್ಲ, ನಮ್ಮದೇ. ರಟ್ಟಿನ ಡಬ್ಬಿ ಅರ್ಧ ಹರಿದಿದೆ, ಆದರೆ ಒಳಮುಚ್ಚಳದಲ್ಲಿ ಅಂಗಡಿಯವರು ಅಂಟಿಸಿದ ಚೀಟಿ ಹಾಗೇ ಇದೆ. ಶಾಯಿಯಲ್ಲಿ ಬೆಲೆ: 7-8-0. ಏಳು ರೂಪಾಯಿ, ಎಂಟಾಣೆ, ಸೊನ್ನೆ ಪೈ. ಭಾರತದಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆಣೆ, ಪೈ ಲೆಕ್ಕದಲ್ಲಿ ಬೆಲೆ ಬರೆದಿದ್ದರೆ ಬಹುಮಟ್ಟಿಗೆ ಅದಕ್ಕಿಂತ ಮುಂಚಿನದು. ಬೆಲೆಯ ಕೆಳಗೆ ಇಂಗ್ಲಿಷಿನಲ್ಲಿ "ಸೇಲ್ಸ್ ಟ್ಯಾಕ್ಸ್ ಬೇರೆ" ಅನ್ನುವ ಅರ್ಥದ ರಬ್ಬರ್ ಮುದ್ರೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಮುಂಬೈಯ ಮಾರಾಟ ತೆರಿಗೆ ಕಾಯ್ದೆ 1946ರದ್ದು. ಅಲ್ಲಿಗೆ ಎರಡೂ ಕಡೆ ಗೋಡೆ ಎದ್ದಿತು. 1946ರಿಂದ 1957ರ ನಡುವೆ ಯಾವಾಗಲೋ ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡದ್ದು. ಯುದ್ಧ ಮುಗಿದ ಕೂಡಲೇ ಜರ್ಮನಿಯ ಮಾಲು ಇಲ್ಲಿಗೆ ಬಂದಿರಲಾರದು, ಹಾಗಾಗಿ ನನ್ನ ಅಂದಾಜು ಐವತ್ತರ ದಶಕದ ಮೊದಲ ಅರ್ಧ. ಸಣ್ಣಜ್ಜನಿಗೆ ಆಗ ಮೀಸೆ ಚಿಗುರುವ ವಯಸ್ಸು. ಏಳೂವರೆ ರೂಪಾಯಿ ಅವರಿಗೆ ಎಲ್ಲಿಂದ ಬಂತು ಅನ್ನುವುದು ಬೇರೆ ಪ್ರಶ್ನೆ, ಸಾಹೇಬನ ಕಥೆ ಹುಟ್ಟಿದ್ದೇ ಆ ಪ್ರಶ್ನೆಗೆ ಉತ್ತರವಾಗಿ ಅಂತ ನನಗೆ ಅನುಮಾನ.

ಅತ್ತೆಗೆ ಫೋನ್ ಮಾಡಿ ಹೇಳಿದೆ. "ಚೀಟಿ ಆಮ್ಯಾಲೆ ಹಚ್ಚಿರಬೇಕು" ಅಂದರು. ಇರಲಿ.

ಒಂದು ಮಾತು, ಮರೆಯುವ ಮುಂಚೆ. ನಮ್ಮ ಕಡೆ ಹಳೇ ವಿದೇಶಿ ಸಾಮಾನು ಅಂದರೆ ಗೋವಾದಿಂದ ಬಂದಿರಬಹುದು ಅಂತ ತಕ್ಷಣ ತಲೆಗೆ ಬರುತ್ತದೆ. 1961ರ ಕೊನೆಯವರೆಗೂ ಅದು ಪೋರ್ಚುಗೀಸರ ಕೈಯಲ್ಲಿತ್ತು, ಘಟ್ಟ ದಾಟಿದರೆ ಆಯ್ತು. ಆದರೆ ಹಾಗೆ ಕದ್ದು ಬಂದ ಮಾಲಿಗೆ ಯಾರೂ ತೆರಿಗೆ ಮುದ್ರೆ ಹೊಡೆಯುವುದಿಲ್ಲ. ಅದಕ್ಕೇ ಹೇಳುವುದು, ಡಬ್ಬಿ, ಚೀಟಿ, ಒಳಗಿನ ಪೇಪರು ಒಂದನ್ನೂ ಬಿಸಾಕಬೇಡಿ. ವಾದ್ಯಕ್ಕಿಂತ ಡಬ್ಬಿಯೇ ಜಾಸ್ತಿ ಮಾತಾಡುತ್ತದೆ.

ಎರಡನೆಯದು ಬ್ಯಾಂಡ್‌ಮಾಸ್ಟರ್. ಎಪ್ಪತ್ತು ಎಂಬತ್ತರ ದಶಕದಲ್ಲಿ ಮೌತ್ ಆರ್ಗನ್ ಕಲಿತವರಿಗೆ ಈ ಹೆಸರು ಗೊತ್ತಿರುತ್ತದೆ. ಇದು ಸ್ಯಾಕ್ಸನಿಯ ಕ್ಲಿಂಗೆಂತಾಲ್ ಊರಿನದು. ಅಲ್ಲಿನ ಸೈಡೆಲ್ ಮನೆತನ 1847ರಿಂದ ಮೌತ್ ಆರ್ಗನ್ ಮಾಡುತ್ತಿತ್ತು, ಅಂದರೆ ಹೋನರ್‌ಗಿಂತ ಹತ್ತು ವರ್ಷ ಹಳೆಯದು. ಯುದ್ಧದ ನಂತರ ಕ್ಲಿಂಗೆಂತಾಲ್ ಪೂರ್ವ ಜರ್ಮನಿಗೆ ಹೋಯಿತು. ಹಾಗಾಗಿ ಕವರಿನ ಮೇಲೆ "ಜಿ.ಡಿ.ಆರ್." ಅಂತ ಇದ್ದರೆ ಕೆಲಸ ಸಲೀಸು, ಆ ದೇಶ ಇದ್ದದ್ದೇ 1949ರಿಂದ 1990ರವರೆಗೆ. ಪೂರ್ವ ಯುರೋಪಿನ ದೇಶಗಳ ಜೊತೆ ನಮ್ಮ ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿತ್ತು, ಡಾಲರ್ ಬೇಕಿರಲಿಲ್ಲ. ಹೋನರ್ ಅಂಗಡಿಗಳಿಂದ ಮಾಯವಾದಮೇಲೂ ಇವು ಸಿಗುತ್ತಿದ್ದದ್ದು ಅದಕ್ಕೇ ಇರಬೇಕು. ಇದರ ಡಬ್ಬಿಯ ಮೇಲೆ ಊರಿನದೇ ಅಂಗಡಿಯ ಮುದ್ರೆ ಇದೆ, "ಬೆಳಗಾಂವ 590 002". ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಮುಗೀತಲ್ಲ. 1972ರಿಂದ 1990. ಮುದ್ರೆಯಲ್ಲಿ ರಾಜ್ಯದ ಹೆಸರೂ ಇದ್ದಿದ್ದರೆ ಇನ್ನೂ ಬಿಗಿಯಾಗುತ್ತಿತ್ತು, ಯಾಕೆಂದರೆ 1956ರ ನವೆಂಬರ್‌ವರೆಗೆ ನಾವು ಮುಂಬೈಯವರು, ಆಮೇಲೆ ಮೈಸೂರಿನವರು, 1973ರ ನವೆಂಬರ್‌ನಿಂದ ಕರ್ನಾಟಕದವರು. ನಿಮ್ಮ ಮನೆಯ ಡಬ್ಬಿಗಳ ಮೇಲೆ ಇದನ್ನು ನೋಡಿಕೊಳ್ಳಿ, ಮೌತ್ ಆರ್ಗನ್‌ಗೆ ಅಂತಲ್ಲ, ಹಳೇ ಗ್ರಾಮಫೋನ್ ಸೂಜಿ ಡಬ್ಬಿಗೂ ನಡೆಯುತ್ತದೆ.

ಮೂರನೆಯದು ಉದ್ದನೆಯ ಟ್ರೆಮೊಲೊ, ಅಂದರೆ ಸ್ವರ ಅಲೆಯುವ ಜಾತಿಯದು, 24 ಮನೆ (ಊದುವ ತೂತಿಗೆ ಮನೆ ಅನ್ನುತ್ತೇವೆ), 48 ರೀಡು. ಚೀನಾದ್ದು. ಕವರಿನ ಮೇಲಿನ ಹೆಸರು ಸವೆದು ಹೋಗಿದೆ, "ಚೀನಾ" ಅನ್ನುವುದು ಮಾತ್ರ ಓದಲು ಬರುತ್ತದೆ. ಡಬ್ಬಿಯಲ್ಲಿ ಚೀನೀ ಅಕ್ಷರ. ನನಗೆ ಚೀನೀ ಬರಲ್ಲ, ಆದರೆ ಆ ದೇಶದ ಹೆಸರಿನ ಎರಡನೇ ಅಕ್ಷರ ಗುರುತು ಹಿಡಿಯೋಕೆ ಬರಬೇಕಾದ್ದೇನೂ ಇಲ್ಲ. ಅದು ಒಂದು ಚೌಕದೊಳಗೆ ಕೂತಿರುತ್ತದೆ. ಚೌಕದ ಒಳಗೆ ಗೀರು ಕಿಕ್ಕಿರಿದಿದ್ದರೆ ಹಳೇ ಲಿಪಿ, ಮೂರು ಅಡ್ಡಗೆರೆ, ಒಂದು ಉದ್ದಗೆರೆ, ಒಂದು ಚುಕ್ಕಿ ಅಷ್ಟೇ ಇದ್ದರೆ ಸರಳ ಮಾಡಿದ ಲಿಪಿ. ಚೀನಾ ಸರ್ಕಾರ ಲಿಪಿ ಸರಳ ಮಾಡುವ ಯೋಜನೆ ಹೊರಡಿಸಿದ್ದು 1956ರಲ್ಲಿ. ನನ್ನ ಡಬ್ಬಿಯಲ್ಲಿ ಸರಳದ್ದು. ಬೆಲೆ ಚೀಟಿಯಲ್ಲಿ ರೂಪಾಯಿಯ ಪಕ್ಕದಲ್ಲಿ "ನ.ಪೈ." ಅಂತ ಇದೆ. ನಯಾ ಪೈಸೆ! 1957ರಿಂದ 1964ರ ಮೇ ತನಕ ಮಾತ್ರ ಈ ಹೆಸರು ಇತ್ತು, ಜೂನ್‌ನಿಂದ ಬರೀ ಪೈಸೆ. ಜೊತೆಗೆ 1962ರ ಯುದ್ಧ ಆದಮೇಲೆ ಚೀನಾ ಜೊತೆ ವ್ಯಾಪಾರವೇ ನಿಂತುಹೋಯಿತು, ಮತ್ತೆ ಶುರುವಾದದ್ದು ಎಪ್ಪತ್ತರ ದಶಕದ ಕೊನೆಗೆ. ಹಳೇ ಸ್ಟಾಕು ಇನ್ನೊಂದೆರಡು ವರ್ಷ ಅಂಗಡಿಯಲ್ಲಿ ಉಳಿದಿದ್ದರೂ, ತಯಾರಾದದ್ದು 1956ರಿಂದ 1962ರ ನಡುವೆ. ನಾಲ್ಕರಲ್ಲಿ ಎಲ್ಲಕ್ಕಿಂತ ಬಿಗಿಯಾಗಿ ಸಿಕ್ಕ ಕಾಲ ಇದರದ್ದೇ, ಅದೂ ಹೆಸರೇ ಇಲ್ಲದ ವಾದ್ಯಕ್ಕೆ.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಮಕ್ಕಳ ಆಟಿಕೆಯಷ್ಟು ಸಣ್ಣದು, ಒಂದು ಕಡೆ ಕವರೇ ಇಲ್ಲ, ಇನ್ನೊಂದು ಕಡೆಯದು ತಗ್ಗಾಗಿದೆ, ಕಟ್ಟಿಗೆ ಕರ್ರಗೆ. ಡಬ್ಬಿ ಇಲ್ಲ, ಚೀಟಿ ಇಲ್ಲ. ಅತ್ತೆ ಇದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕು ಅಂದಿದ್ದರು. ಉಳಿದ ಕವರಿನ ಅಂಚಿನಲ್ಲಿ ಎರಡೇ ಗುರುತು: "ಜರ್ಮನಿ", ಮತ್ತೆ "ಡಿ.ಆರ್.ಜಿ.ಎಂ." ಆ ನಾಲ್ಕು ಅಕ್ಷರ ಹಳೇ ಜರ್ಮನಿಯ ಸಣ್ಣಪುಟ್ಟ ವಿನ್ಯಾಸಗಳ ನೋಂದಣಿ, 1891ರಲ್ಲಿ ಶುರುವಾದದ್ದು. 'ಡಿ.ಆರ್.ಪಿ.' ಅಂತ ಇದ್ದರೆ ಪೂರ್ತಿ ಪೇಟೆಂಟ್, ಅದು 1877ರಿಂದ. ಎರಡೂ ಎರಡನೇ ಮಹಾಯುದ್ಧದೊಂದಿಗೆ ಮುಗಿದವು, ಯುದ್ಧದ ನಂತರ ಹಳೇ ಅಚ್ಚಿನಲ್ಲಿ ಸ್ವಲ್ಪ ಕಾಲ ಉಳಿದದ್ದು ಬಿಟ್ಟರೆ. ದೇಶದ ಹೆಸರು ಹಾಕಬೇಕಾಗಿ ಬಂದದ್ದು ಬ್ರಿಟನ್ನಿನ 1887ರ ಕಾಯ್ದೆಯಿಂದ, ಭಾರತದಲ್ಲೂ 1889ರಲ್ಲಿ ಅಂಥದೇ ಕಾಯ್ದೆ ಬಂತು. ಒಟ್ಟಿನಲ್ಲಿ ಇದು ಯುದ್ಧಕ್ಕೆ ಮುಂಚಿನದು ಅಂತ ಹೇಳಲು ಅಡ್ಡಿಯಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹಳೆಯದು ಇದೇ, ಭಂಗಾರಕ್ಕೆ ಹೋಗಬೇಕಿದ್ದದ್ದು. ಪ್ರಾಯಶಃ ಸಣ್ಣಜ್ಜನಿಗೆ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಯಾರೋ ಕೊಡಿಸಿದ್ದು.

ಸರಿ, ಈಗ ಬಿಚ್ಚುವ ಕೆಲಸ.

ಬ್ಯಾಂಡ್‌ಮಾಸ್ಟರ್‌ನಿಂದ ಶುರು ಮಾಡಿದೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಹೊಸದು, ಕೆಟ್ಟರೂ ಅಷ್ಟು ದುಃಖ ಇಲ್ಲ. ಎರಡನೇ ಮನೆ ಪೂರ್ತಿ ಮೂಕ. ಕವರಿನ ಅಂಚಿಗೆ ತೆಳು ಚಾಕು ತೂರಿಸಿ, ಒಂದೇ ಕಡೆ ಎತ್ತದೆ, ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಎತ್ತುತ್ತಾ ಮೊಳೆ ಸಡಿಲ ಮಾಡಬೇಕು. ಅವಸರ ಮಾಡಿದರೆ ತಗಡು ಬಾಗುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಸರಿಹೋಗಲ್ಲ. ತೆಗೆದ ಮೊಳೆಗಳನ್ನು ಥರ್ಮಾಕೋಲ್ ತುಂಡಿನಲ್ಲಿ, ಎಲ್ಲಿಂದ ಬಂತೋ ಅದೇ ಜಾಗದಲ್ಲಿ ಚುಚ್ಚಿಟ್ಟೆ. ಮೊಳೆಗಳೆಲ್ಲ ಒಂದೇ ಉದ್ದ ಇರಲ್ಲ, ಕಟ್ಟಿಗೆಯ ತೂತೂ ತನ್ನ ಮೊಳೆಗೇ ಹೊಂದಿಕೊಂಡಿರುತ್ತದೆ. ಪ್ಲೇಟು ಎತ್ತಿದರೆ ಎರಡನೇ ಮನೆಯಲ್ಲಿ ಮಣ್ಣು! ಕಣಜ ಗೂಡು ಕಟ್ಟಿದೆ. ಮೌತ್ ಆರ್ಗನ್‌ನ ತೂತು ಕಣಜಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಇರುತ್ತದೆ ಅಂತ ಗೊತ್ತಿರಲಿಲ್ಲ. ಮಣ್ಣು ಗಟ್ಟಿ, ಒಳಗೆ ಒಣಗಿದ ಹುಳದ ಸಿಪ್ಪೆ. ನೀರು ಹಾಕಿ ನೆನೆಸೋಣ ಅನ್ನಿಸುತ್ತದೆ, ಹಾಕಬೇಡಿ. ಕಟ್ಟಿಗೆ ಉಬ್ಬಿದರೆ ನಡುವಿನ ಸಣ್ಣ ಗೋಡೆಗಳು ಬಾಯಿ ಕಡೆಗೆ ಚಾಚಿಕೊಂಡು ನಾಲಿಗೆಗೆ ಕುಯ್ಯುತ್ತವೆ. ಬಿದಿರಿನ ಹಲ್ಲುಕಡ್ಡಿಯಿಂದ ಪುಡಿ ಮಾಡುತ್ತಾ, ಕ್ಯಾಮೆರಾ ಒರೆಸುವ ರಬ್ಬರ್ ಬುಗ್ಗೆಯಿಂದ ಗಾಳಿ ಹೊಡೆಯುತ್ತಾ ತೆಗೆದೆ. ರೀಡಿಗೆ ಕಡ್ಡಿ ತಾಗಬಾರದು, ಅದೊಂದೇ ಎಚ್ಚರ.

ಮಣ್ಣು ಹೋಯಿತು, ಸ್ವರ ಬಂತು, ಆದರೆ ಅದರ ಪಕ್ಕದ ಒಂದು ರೀಡು ಕೆಳಗಿಳಿದಿತ್ತು. ಶ್ರುತಿ ಅಳೆಯುವ ಟ್ಯೂನರ್ ಆ್ಯಪ್ ಸುಮಾರು ಕಾಲು ಸ್ವರ ಕಡಿಮೆ ತೋರಿಸಿತು. ರೀಡ್ ಅಂದರೆ ಒಂದು ತುದಿಯಲ್ಲಿ ರಿವೆಟ್ ಹೊಡೆದ, ಇನ್ನೊಂದು ತುದಿ ಬಿಟ್ಟ ಹಿತ್ತಾಳೆ ಪಟ್ಟಿ. ಬಿಟ್ಟ ತುದಿಯ ತೂಕ ಇಳಿಸಿದರೆ ಸ್ವರ ಏರುತ್ತದೆ, ರಿವೆಟ್ ಹತ್ತಿರ ತೆಳು ಮಾಡಿದರೆ ಇಳಿಯುತ್ತದೆ. ಗಡ್ಡ ಬೋಳಿಸುವ ಹಳೇ ಬ್ಲೇಡನ್ನು ರೀಡಿನ ಕೆಳಗೆ ಮೆಲ್ಲಗೆ ತೂರಿಸಿ ಆಸರೆ ಕೊಡಬೇಕು, ಆಮೇಲೆ ಸಣ್ಣ ಸೂಜಿ ಕಾನಸದಿಂದ ತುದಿಯ ಕಡೆ ಉದ್ದಕ್ಕೆ ಒಂದೆರಡು ಸಲ ಎಳೆಯಬೇಕು. ಅಡ್ಡಕ್ಕೆ ಎಳೆದರೆ ಗೀರು ಬಿದ್ದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ. ಒಂದೆರಡು ಸಲ ಅಂದದ್ದು ನಿಜಕ್ಕೂ ಒಂದೆರಡು ಸಲ. ಎಳೆ, ಪುಡಿ ಊದು, ಕೇಳು, ಟ್ಯೂನರ್ ನೋಡು, ಐದು ನಿಮಿಷ ಬಿಡು. ಉಜ್ಜಿದ ರೀಡು ಬಿಸಿಯಾಗಿರುತ್ತದೆ, ಆರಿದಮೇಲೆ ಸ್ವರ ಸ್ವಲ್ಪ ಸರಿಯುತ್ತದೆ.

ಬಾಯಿ ಹಚ್ಚುವ ವಿಷಯ. ಹಳೇ ಮೌತ್ ಆರ್ಗನ್ ಸಿಕ್ಕ ತಕ್ಷಣ ಬಾಯಿಗೆ ಇಡಬೇಡಿ. ಇನ್ನೊಬ್ಬರ ಬಾಯಿ, ಜಿರಳೆ, ಹಿತ್ತಾಳೆಯ ಹಸಿರು ಕಿಲುಬು ಎಲ್ಲ ಅದರಲ್ಲಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಬಾಯಿ ತಾಗುವ ಅಂಚು ಒರೆಸಿ, ಕಿವಿ ಒರೆಸುವ ಹತ್ತಿಕಡ್ಡಿಯಿಂದ ಮೂಲೆ ಮೂಲೆ ತೆಗೆಯಬೇಕು, ಅದಾದಮೇಲೆ ಮಾತು. ಹಿತ್ತಾಳೆ ಅಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಹುಣಸೆಹಣ್ಣು ತಂದರು. ಪಾತ್ರೆಗೆ ಸರಿ, ರೀಡಿಗೆ ಬೇಡ. ಹುಳಿ ಹಿತ್ತಾಳೆಯ ಮೇಲ್ಪದರವನ್ನೇ ತಿನ್ನುತ್ತದೆ, ರೀಡಿನಲ್ಲಿ ಕೂದಲೆಳೆಯಷ್ಟು ಹೋದರೂ ಶ್ರುತಿ ಹೋಯಿತು. ಕವರುಗಳ ನಿಕಲ್ ಕೂಡ ಪಾಲಿಶ್ ಮಾಡಲಿಲ್ಲ, ಅಚ್ಚಿನ ಅಕ್ಷರಗಳು ಹೋದರೆ ಕಾಲ ಹೇಳುವ ಸಾಕ್ಷಿಯೇ ಹೋದ ಹಾಗೆ.

ಚೀನಾದ ಟ್ರೆಮೊಲೊದಲ್ಲಿ ಬೇರೆ ಆಟ. ಇದರಲ್ಲಿ ಪ್ರತಿ ಸ್ವರಕ್ಕೆ ಎರಡು ರೀಡು, ಮೇಲೊಂದು ಕೆಳಗೊಂದು. ಬೇಕಂತಲೇ ಸ್ವಲ್ಪ ಹೆಚ್ಚು ಕಡಿಮೆ ಇಟ್ಟಿರುತ್ತಾರೆ. ಒಂದು 440 ಹರ್ಟ್ಸ್, ಇನ್ನೊಂದು 443 ಅಂತ ಇಟ್ಟರೆ ಸೆಕೆಂಡಿಗೆ ಮೂರು ಸಲ ಸ್ವರ ಅಲೆಯುತ್ತದೆ, ಆ ಅಲೆಯೇ ಇದರ ಚಂದ. ಗೊತ್ತಿಲ್ಲದವರು ಟ್ಯೂನರ್ ಹಿಡಿದು ಎರಡನ್ನೂ ಒಂದೇ ಮಟ್ಟಕ್ಕೆ ತಂದು "ಸರಿಮಾಡಿದೆ" ಅಂತ ಬೀಗುತ್ತಾರೆ. ಅಲ್ಲಿಗೆ ಟ್ರೆಮೊಲೊ ಸತ್ತಿತು. ನಾನು ಮೇಲಿನ ರೀಡಿಗೆ ಸೆಲ್ಲೋ ಟೇಪ್ ಹಚ್ಚಿ ಬಾಯಿ ಮುಚ್ಚಿಸಿ ಕೆಳಗಿನದನ್ನು ಅಳೆದೆ, ಆಮೇಲೆ ಅದಲು ಬದಲು. ಅಲೆ ವಿಪರೀತ ವೇಗವಾಗಿ, ಕುರಿ ಕೂಗಿದ ಹಾಗೆ ಆಗಿದ್ದ ಜೋಡಿಗಳನ್ನು ಮಾತ್ರ ಮುಟ್ಟಿದೆ. ಉಳಿದವು ಪಕ್ಕದ ಸ್ವರಗಳ ಜೊತೆ ಹೊಂದಿಕೊಂಡಿವೆ, ಸಾಕು. ಒಂದು ರೀಡು ಮಾತ್ರ ರಿವೆಟ್ ಬುಡದಲ್ಲೇ ಬಿರುಕು ಬಿಟ್ಟಿದೆ, ಅದಕ್ಕೆ ಔಷಧಿ ಇಲ್ಲ, ಅದೇ ಮಾದರಿಯ ಇನ್ನೊಂದು ಹಾಳಾದ ಮೌತ್ ಆರ್ಗನ್ ಸಿಕ್ಕರೆ ಕಿತ್ತು ಹಾಕಬಹುದು. ಅದರ ಜೋಡಿ ಒಬ್ಬಂಟಿಯಾಗಿ ಹಾಡುತ್ತಿದೆ.

ಮರೀನ್ ಬ್ಯಾಂಡ್‌ಗೆ ಬಂದಾಗ ಕೈ ನಿಂತಿತು. ಮೊದಲು ಕವರು ಮಾತ್ರ ತೆಗೆದೆ, ಪ್ಲೇಟು ಎತ್ತಲಿಲ್ಲ. ಉಸಿರೆಳೆಯುವ ರೀಡುಗಳು ಕೆಳಗಿನ ಪ್ಲೇಟಿನ ಹೊರಮೈಯಲ್ಲೇ ಇರುತ್ತವೆ, ಬ್ರಷ್ಷಿಗೆ ಸಿಗುತ್ತವೆ. ಊದುವ ರೀಡುಗಳು ಒಳಗೆ, ಕಟ್ಟಿಗೆಯ ಕಡೆಗೆ. ಎರಡನೇ ಮನೆಯ ಎಳೆಯುವ ರೀಡಿನ ಸುತ್ತ ಕಿಲುಬು ಕಟ್ಟಿ ಅದು ತೆರೆಯುತ್ತಲೇ ಇರಲಿಲ್ಲ, ಒಣ ಬ್ರಷ್ಷು ಮತ್ತು ಬುಗ್ಗೆಯಿಂದ ಬಿಟ್ಟುಕೊಂಡಿತು. ಆಮೇಲೆ ಎಲ್ಲಾ ಸ್ವರ ಅಳೆದು ಪಟ್ಟಿ ಮಾಡಿದೆ. ಇದು ಸಿ ಶ್ರುತಿಯದು, ಅಂದರೆ ಸಿ ಷಡ್ಜ, ಇ ಗಾಂಧಾರ, ಎಫ್ ಮಧ್ಯಮ, ಜಿ ಪಂಚಮ. ಐದನೇ ಮನೆ ನೋಡಿ ತಲೆ ಕೆಟ್ಟಿತು. ಊದಿದರೆ ಬರುವ ಇ ಸ್ವರ ಟ್ಯೂನರಿನಲ್ಲಿ 14 ಸೆಂಟ್‌ನಷ್ಟು ಕೆಳಗೆ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ಎಳೆದರೆ ಬರುವ ಎಫ್ ಅಂತೂ 30ರ ಹತ್ತಿರ ಕೆಳಗೆ. ಎರಡನೇ ಮನೆಯ ಇ, ಎಂಟನೇ ಮನೆಯ ಇ ಕೂಡ ಅಷ್ಟೇ ಕೆಳಗೆ. ಹಳತಾಗಿ ಕೆಟ್ಟದ್ದಾದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಕೆಡುತ್ತವೆಯೇ?

ಪೇಟಿ (ಹಾರ್ಮೋನಿಯಂ) ರಿಪೇರಿ ಮಾಡುವ ಕಾಕಾ ಒಬ್ಬರು ಪರಿಚಯ. ಬೆಳಗಾವಿಯಲ್ಲಿ ಪೇಟಿಗೆ ದೊಡ್ಡ ಮರ್ಯಾದೆ, ಪೇಟಿ ವಾದಕ ಪಂಡಿತ ರಾಮಭಾವು ಬಿಜಾಪುರೆ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ್ದು ಈ ಊರಿನಲ್ಲೇ, ಹಾಗಾಗಿ ರೀಡಿನ ಕಿವಿ ಇರುವವರು ಇಲ್ಲಿ ಇನ್ನೂ ಸಿಗುತ್ತಾರೆ. ಕಾಕಾ ಗುಜರಾತಿನ ಪಾಲಿತಾಣಾದ ಪೇಟಿ ರೀಡುಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಕೈಯಲ್ಲೇ ಆರಿಸುವ ಮನುಷ್ಯ. ಮರೀನ್ ಬ್ಯಾಂಡ್ ಕೊಟ್ಟೆ. ನಾಲ್ಕು, ಐದು, ಆರು ಮನೆ ಒಟ್ಟಿಗೆ ಊದಿದರು, ಕಣ್ಣು ಮುಚ್ಚಿ ಮತ್ತೆ ಊದಿದರು. "ಇದನ್ನ ಮುಟ್ಟಬ್ಯಾಡ್ರಿ. ಕೆಟ್ಟಿಲ್ಲ ಇದು. ತಂಬೂರಿ ಗಾಂಧಾರ ಐತಿ ಇದರಾಗ."

ಅಷ್ಟೇ ಸಾಕಾಯ್ತು. ಈಗಿನ ಪೇಟಿ, ಕೀಬೋರ್ಡು, ಟ್ಯೂನರ್ ಎಲ್ಲ ಒಂದು ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡುತ್ತವೆ. ಆ ಲೆಕ್ಕದಲ್ಲಿ ಗಾಂಧಾರ ಸಹಜ ಸ್ಥಾನಕ್ಕಿಂತ 14 ಸೆಂಟ್ ಮೇಲೆ ಕೂರುತ್ತದೆ. ಷಡ್ಜ 523 ಹರ್ಟ್ಸ್ ಇದ್ದರೆ ಟ್ಯೂನರ್ ಗಾಂಧಾರವನ್ನು 659 ಅನ್ನುತ್ತದೆ, ತಂಬೂರಿ ತಂತಿಯಿಂದ ತಾನಾಗಿ ಹುಟ್ಟುವ ಗಾಂಧಾರ 654. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಾಗ ಹೇಳಿದ ದೂರುಗಳಲ್ಲಿ ಈ ಹೊಂದದ ಶ್ರುತಿಯೂ ಒಂದು. ಹಳೇ ಮರೀನ್ ಬ್ಯಾಂಡ್‌ಗಳನ್ನು ಹೋನರ್‌ನವರು ಸಮ ಭಾಗದ ಲೆಕ್ಕಕ್ಕೆ ಕೂರಿಸುತ್ತಲೇ ಇರಲಿಲ್ಲ, ಮೂರು ನಾಲ್ಕು ಮನೆ ಒಟ್ಟಿಗೆ ಊದಿದಾಗ ಸ್ವರಗಳು ಒಂದರೊಳಗೊಂದು ಕೂರಬೇಕು ಅಂತ ಸಹಜ ಅನುಪಾತದಲ್ಲಿ ಕೂರಿಸುತ್ತಿದ್ದರು. ಇ ಸ್ವರ ಸಿ ಸ್ವರಕ್ಕೆ ಐದು ನಾಲ್ಕಾಂಶ, ಎಫ್ ಸ್ವರ ಕೆಳಗಿನ ಜಿ ಸ್ವರಕ್ಕೆ ಏಳು ನಾಲ್ಕಾಂಶ. ಹಾಗೆ ಲೆಕ್ಕ ಹಾಕಿದರೆ ಎಫ್ 698ರ ಬದಲು 687ರ ಆಸುಪಾಸು ಬರುತ್ತದೆ, ಟ್ಯೂನರಿನ ಕಣ್ಣಿಗೆ ಅದು ದೊಡ್ಡ ತಪ್ಪು. ಮುಂದೆ ಬಂದ ಮರೀನ್ ಬ್ಯಾಂಡ್‌ಗಳಲ್ಲಿ ಎಫ್ ಇಷ್ಟು ಕೆಳಗೆ ಇರುವುದಿಲ್ಲ, ಹಾಗಾಗಿ ಇದೂ ಒಂದು ಕಾಲದ ಗುರುತೇ. ಚೀಟಿ ಹೇಳಿದ್ದನ್ನೇ ರೀಡುಗಳೂ ಹೇಳುತ್ತಿವೆ. ಡಬ್ಬಿ ಕಳೆದುಹೋಗಿದ್ದರೂ, ಯಾರೂ ಕಾನಸ ಮುಟ್ಟಿಸದೆ ಇದ್ದರೆ, ಸುಮಾರಾಗಿ ಇಷ್ಟಾದರೂ ಗೊತ್ತಾಗುತ್ತಿತ್ತು.

ಹಾಗಾಗಿ ಅದರ ಶ್ರುತಿ ಮುಟ್ಟಲಿಲ್ಲ. ಕವರು ಅದೇ ಮೊಳೆಗಳಿಂದ ಅದೇ ತೂತಿಗೆ ಕೂತಿತು, ಸುತ್ತಿಗೆ ಬೇಡ, ಹೆಬ್ಬೆರಳಿನಿಂದ ಒತ್ತಿದರೆ ಸಾಕು. ಎಂಟನೇ ಮನೆಯ ಎಳೆಯುವ ಸ್ವರ ಇನ್ನೂ ತಡವಾಗಿ ಏಳುತ್ತದೆ, ರೀಡಿನ ತುದಿ ಪ್ಲೇಟಿಗೆ ಜಾಸ್ತಿ ಹತ್ತಿರ ಇದೆ. ಒಂಚೂರು ಎತ್ತಿದರೆ ಸರಿಹೋಗಬಹುದು, ಮಳೆಗಾಲ ಮುಗಿದು ಕಟ್ಟಿಗೆ ಒಣಗಲಿ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೇನೆ. ಬೆಳಗಾವಿ ಮಳೆಯಲ್ಲಿ ಕಟ್ಟಿಗೆ ಹೇಗೂ ಸುಮ್ಮನಿರಲ್ಲ.

ನಾಲ್ಕನೆಯ ಸಣ್ಣದನ್ನು ಬಿಚ್ಚಲೇ ಇಲ್ಲ. ಬ್ರಷ್ಷಿನಿಂದ ಧೂಳು ತೆಗೆದು, ಆಮ್ಲ ಇಲ್ಲದ ಪೇಪರಿನಲ್ಲಿ ಸುತ್ತಿಟ್ಟೆ. ಅದರ ಮೊಳೆಗಳು ತುಕ್ಕು ಹಿಡಿದು ಕಟ್ಟಿಗೆಗೆ ಅಂಟಿವೆ, ಎತ್ತಿದರೆ ಕಟ್ಟಿಗೆಯೇ ಸೀಳುತ್ತದೆ. ಏಳೆಂಟು ಸ್ವರ ಬಂದು ಏನಾಗಬೇಕಿದೆ.

ಪ್ರತಿಯೊಂದರ ಜೊತೆಗೂ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಹಾಕಿದ್ದೇನೆ: ಯಾವ ಗುರುತಿನಿಂದ ಯಾವ ವರ್ಷ, ಎಲ್ಲಿ ಉಜ್ಜಿದ್ದೇನೆ, ಎಲ್ಲಿ ಉಜ್ಜಿಲ್ಲ. ಬಾಲ್ ಪೆನ್ನಿನ ಶಾಯಿ ರಟ್ಟಿನಲ್ಲಿ ಹರಡುತ್ತದೆ, ಪೆನ್ಸಿಲ್ಲೇ ಒಳ್ಳೇದು. ಬ್ಯಾಂಡ್‌ಮಾಸ್ಟರ್ ಅತ್ತೆಯ ಮೊಮ್ಮಗಳಿಗೆ ಹೋಯಿತು, ಊದಲಿ. ಮರೀನ್ ಬ್ಯಾಂಡ್ ವಾಪಸ್ ಕೊಡಲು ಹೋದಾಗ ಅತ್ತೆ ಚೀಟಿಯನ್ನು ಎರಡು ಸಲ ಓದಿ, ಸಾಹೇಬರು ಅಂಗಡಿಯಿಂದಲೇ ಕೊಂಡು ಕೊಟ್ಟಿರಬಹುದಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ತೆರಿಗೆ ಮುದ್ರೆಯಲ್ಲಿ ಗಿರಾಕಿಯ ಹೆಸರು ಇರುವುದಿಲ್ಲ.